ಸೆವರೆನ್ಸ್: ಕೊಟ್ಟಷ್ಟು ತಗೊಂಡು ಸಹಿ ಹಾಕೋದಾ, ಚೌಕಾಸಿಗೆ ಜಾಗ ಇದೆಯಾ?

ಅರ್ಧಸಹಿ:
ನಿನ್ನೆ ಕೆಲಸ ಹೋಯಿತು. ಮ್ಯಾನೇಜರ್ ಕರೆದ ಮೀಟಿಂಗ್‌ಗೆ ಎಚ್‌ಆರ್ ಕೂಡ ಸೇರಿದಾಗಲೇ ವಿಷಯ ಅರ್ಥ ಆಗಿತ್ತು. ಅಮೆರಿಕದ ಕಂಪನಿ, ನಾನಿರೋದು ಅದರ ಇಂಡಿಯಾ ಆಫೀಸಿನಲ್ಲಿ. ಸರ್ವಿಸ್ ಏಳು ವರ್ಷ.

ಒಂದು ಹಾಳೆ ಕಳಿಸಿದ್ದಾರೆ. ಅದರಲ್ಲಿ ನೋಟಿಸ್ ಅವಧಿಯ ಸಂಬಳ, ಎರಡು ತಿಂಗಳ ಸೆವರೆನ್ಸ್ (ಕೆಲಸದಿಂದ ತೆಗೆಯುವಾಗ ಕೊಡುವ ಪರಿಹಾರದ ಹಣ), ಗ್ರಾಚ್ಯುಟಿ, ಉಳಿದ ರಜೆಯ ಹಣ ಎಲ್ಲ ಕೂಡಿಸಿ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಮೊತ್ತ. ಶುಕ್ರವಾರದೊಳಗೆ ಸಹಿ ಬೇಕಂತೆ. ಪೋರ್ಟಲ್‌ನಲ್ಲಿ ನಾನೇ ರಾಜೀನಾಮೆ ಹಾಕಬೇಕಂತೆ. "ಮುಂದಿನ ಕಂಪನಿಯವರು ಕೇಳಿದಾಗ ನಿಮಗೇ ಒಳ್ಳೇದು" ಅಂದರು.

ಇದರಲ್ಲಿ ಚೌಕಾಸಿ ಮಾಡೋಕೆ ಏನಾದರೂ ಇದೆಯಾ? ಇದ್ದರೆ ಹೇಗೆ ಕೇಳೋದು? ಕೇಳಿದ್ದಕ್ಕೇ ಕೊಟ್ಟಿದ್ದನ್ನೂ ವಾಪಸ್ ತಗೊಂಡರೆ?

ನೇರಮಾತು:
ಶುಕ್ರವಾರ ಸಹಿ ಹಾಕಬೇಡಿ. ಮಿಕ್ಕಿದ್ದು ಆಮೇಲೆ.

ಸುಮ್ನಿರಲಾರೆ:
ರಾಜೀನಾಮೆಯಂತೂ ಹಾಕಲೇಬೇಡಿ. ಅವರು ತೆಗೆದಿದ್ದಾರೆ, ತೆಗೆದಿದ್ದೇವೆ ಅಂತ ಅವರೇ ಬರೆದುಕೊಡಲಿ.

ಹಳೇಎಚ್‌ಆರ್:
ಮೇಜಿನ ಆ ಕಡೆ ತುಂಬಾ ವರ್ಷ ಕೂತವಳು ನಾನು. ಮೊದಲು ಆ ದಪ್ಪ ಅಕ್ಷರದ ಮೊತ್ತವನ್ನು ಒಡೆಯಿರಿ. ಅದು ಬೇಕಂತಲೇ ಒಟ್ಟು ಮಾಡಿ ತೋರಿಸಿರುವ ಲೆಕ್ಕ. ಒಂದು ಕಡೆ ನಿಮಗೆ ಹೇಗಿದ್ದರೂ ಸೇರಬೇಕಾದ ಹಣ: ಕೆಲಸ ಮಾಡಿದ ದಿನಗಳ ಸಂಬಳ, ನೋಟಿಸ್ ಸಂಬಳ, ರಜೆಯ ಹಣ, ಗ್ರಾಚ್ಯುಟಿ. ಇನ್ನೊಂದು ಕಡೆ ಕಂಪನಿ ಹೊಸದಾಗಿ ಕೊಡ್ತಿರೋದು. ನಿಮ್ಮ ವಿಷಯದಲ್ಲಿ ಹೊಸದು ಆ ಎರಡು ತಿಂಗಳು ಮಾತ್ರ.

ಆ ಎರಡು ತಿಂಗಳ ಹಣ ಕೊಟ್ಟು ಅವರು ಕೊಳ್ತಿರೋದು ನಿಮ್ಮ ಸಹಿಯನ್ನು. "ಇನ್ನು ಯಾವ ಹಕ್ಕೂ ಕೇಳುವುದಿಲ್ಲ, ಕೇಸ್ ಹಾಕುವುದಿಲ್ಲ" ಅನ್ನುವ ಸಾಲು ಎಲ್ಲೋ ಮೂರನೇ ಪುಟದಲ್ಲಿ ಇರುತ್ತೆ, ನೋಡಿ. ಹಾಗಾಗಿ ಕೇಳಿದರೆ ಕೊಟ್ಟಿದ್ದನ್ನೂ ಕಿತ್ಕೊಳ್ತಾರೆ ಅನ್ನೋ ಭಯ ಬೇಡ. ಮರ್ಯಾದೆಯಿಂದ ಒಂದು ಮೇಲ್ ಹಾಕಿದ್ದಕ್ಕೆ ಆಫರ್ ವಾಪಸ್ ತಗೊಂಡಿದ್ದು ನಾನಂತೂ ನೋಡಿಲ್ಲ. ಅವರಿಗೂ ಆ ಫೈಲ್ ಮುಚ್ಚಬೇಕಾಗಿರುತ್ತೆ.

ಅರ್ಧಸಹಿ:
ಮೂರನೇ ಪುಟ ಅಲ್ಲ, ನಾಲ್ಕನೇದು. ಆದರೆ ಇದೆ.

ಟೀಮ್‌ಲೀಡಮ್ಮ:
ಒಂದು ಮಾತು, ಬೈಬೇಡಿ. ಎರಡು ತಿಂಗಳು ಕೊಡ್ತಿದ್ದಾರಲ್ಲ, ಅದೇ ದೊಡ್ಡದು. ಎಷ್ಟೋ ಕಡೆ "ಪರ್ಫಾರ್ಮೆನ್ಸ್ ಸರಿ ಇಲ್ಲ" ಅಂತ ಬರೆದು ಬರಿಗೈಲಿ ಕಳಿಸ್ತಾರೆ. ಜಾಸ್ತಿ ಎಳೆದಾಡಿದರೆ ರೆಫರೆನ್ಸ್ ಹಾಳಾಗುತ್ತೆ. ತಗೊಂಡು ಹೊರಟರೆ ನೆಮ್ಮದಿ.

ಸುಮ್ನಿರಲಾರೆ:
ಈ "ಅದೇ ದೊಡ್ಡದು" ಅನ್ನೋದರಿಂದಲೇ ನಮಗೆಲ್ಲ ಕಮ್ಮಿ ಸಿಗೋದು. ಏಳು ವರ್ಷಕ್ಕೆ ಎರಡು ತಿಂಗಳು ಉಡುಗೊರೆಯಾ?

ಕಾಯಿದೆಪುಟ:
ದೊಡ್ಡದೋ ಚಿಕ್ಕದೋ ಲೆಕ್ಕ ಹಾಕಿಯೇ ನೋಡೋಣ. 1947ರ ಕೈಗಾರಿಕಾ ವಿವಾದ ಕಾಯಿದೆಯ 25ಎಫ್ ಸೆಕ್ಷನ್‌ನಲ್ಲಿ ಒಂದು ಸೂತ್ರ ಇತ್ತು. ಒಂದು ವರ್ಷ ಸತತ ಸೇವೆ ಮಾಡಿದ ಕೆಲಸಗಾರರನ್ನು ರಿಟ್ರೆಂಚ್ ಮಾಡುವಾಗ, ಅಂದರೆ ಶಿಕ್ಷೆಯಾಗಿ ಅಲ್ಲದೆ ಬೇರೆ ಕಾರಣಕ್ಕೆ ಕೆಲಸದಿಂದ ತೆಗೆಯುವಾಗ, ಕಾರಣ ಬರೆದು ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಅದರ ಸಂಬಳ ಕೊಡಬೇಕು. ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ. ಆರು ತಿಂಗಳು ದಾಟಿದ ಉಳಿಕೆ ಅವಧಿಯೂ ಒಂದು ವರ್ಷವೇ. 2025ರ ನವೆಂಬರ್ 21ರಂದು ಹಳೇ ಕಾರ್ಮಿಕ ಕಾಯಿದೆಗಳ ಜಾಗಕ್ಕೆ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೇ 15 ದಿನದ ಲೆಕ್ಕ ಉಳಿದಿದೆ.

ಏಳು ವರ್ಷಕ್ಕೆ 105 ದಿನ, ಅಂದರೆ ಸುಮಾರು ಮೂರೂವರೆ ತಿಂಗಳು. ಕೊಡ್ತಿರೋದು ಎರಡು. ಇದರ ಮೇಲೆ ಹೊಸ ಸಂಹಿತೆಯಲ್ಲಿ ಮರುಕೌಶಲ್ಯ ನಿಧಿ ಅಂತ ಒಂದಿದೆ. ರಿಟ್ರೆಂಚ್ ಆದ ಪ್ರತಿಯೊಬ್ಬರ ಲೆಕ್ಕಕ್ಕೆ ಕಂಪನಿ 15 ದಿನದ ಸಂಬಳ ಆ ನಿಧಿಗೆ ಕಟ್ಟಬೇಕು. ಅದು 45 ದಿನದೊಳಗೆ ಕೆಲಸಗಾರರ ಖಾತೆಗೆ ಬರಬೇಕು.

ಈಗ ರಾಜೀನಾಮೆ ಯಾಕೆ ಕೇಳ್ತಿದ್ದಾರೆ ಅಂತ ಅರ್ಥ ಆಯ್ತಾ? ನೀವೇ ಬಿಟ್ಟು ಹೋದರೆ ಅದು ರಿಟ್ರೆಂಚ್‌ಮೆಂಟ್ ಅಲ್ಲ. ಈ ಲೆಕ್ಕ ಹುಟ್ಟೋದೇ ಇಲ್ಲ.

ಟೀಮ್‌ಲೀಡಮ್ಮ:
ಅದು ಕಾರ್ಮಿಕರಿಗೆ. ಸಾಫ್ಟ್‌ವೇರ್‌ನವರಿಗೆ ಅನ್ವಯಿಸಲ್ಲ.

ಕಾಯಿದೆಪುಟ:
ಎಲ್ಲರೂ ಇದನ್ನೇ ಹೇಳ್ತಾರೆ, ಪೂರ್ತಿ ನಿಜ ಅಲ್ಲ. ಸಂಹಿತೆಯಲ್ಲಿ "ಕೆಲಸಗಾರ" ಅಂದರೆ ಕೈಕೆಲಸ, ತಾಂತ್ರಿಕ, ಗುಮಾಸ್ತೆ ಕೆಲಸ ಮಾಡುವವರೂ ಸೇರುತ್ತಾರೆ. ಹೊರಗಿಟ್ಟಿರೋದು ಮ್ಯಾನೇಜ್‌ಮೆಂಟ್ ಅಥವಾ ಆಡಳಿತದ ಕೆಲಸದಲ್ಲಿ ಇರುವವರನ್ನು. ಮೇಲ್ವಿಚಾರಣೆಯ ಕೆಲಸವಾದರೆ ತಿಂಗಳಿಗೆ 18,000 ರೂಪಾಯಿಗಿಂತ ಜಾಸ್ತಿ ಸಂಬಳದವರು ಹೊರಗೆ. ದಿನವಿಡೀ ಕೋಡ್ ಬರೆಯುವವರಿಗೆ ಈ ಮಿತಿ ಬರಲ್ಲ. ವಿಸಿಟಿಂಗ್ ಕಾರ್ಡ್‌ನಲ್ಲಿ "ಮ್ಯಾನೇಜರ್" ಅಂತ ಇದ್ದರೂ ಕೋರ್ಟ್ ನೋಡೋದು ನಿಜವಾಗಿ ಏನು ಕೆಲಸ ಮಾಡ್ತಿದ್ದರು ಅಂತ.

ಇನ್ನೊಬ್ಬರಿಗೆ ಅಪ್ರೈಸಲ್ ಮಾಡುವವರು, ರಜೆ ಮಂಜೂರು ಮಾಡುವವರು, ಜನರನ್ನು ಸೇರಿಸಿಕೊಳ್ಳುವವರು ಆಗಿದ್ದರೆ ವಾದ ತೆಳುವಾಗುತ್ತೆ. ಅರ್ಧಸಹಿ, ನಿಮ್ಮ ಕೆಳಗೆ ಯಾರಾದರೂ ಇದ್ದರಾ?

ಅರ್ಧಸಹಿ:
ಇಲ್ಲ. ಹೆಸರಿಗೆ ಸೀನಿಯರ್. ಮಾಡ್ತಿದ್ದಿದ್ದು ಬರೀ ಕೋಡ್.

ದಿಕ್ಕುತಪ್ಪಿದವ:
300 ಜನ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕೆಲಸದಿಂದ ತೆಗೆಯೋಕೆ ಸರ್ಕಾರದ ಅನುಮತಿ ಬೇಕಲ್ವಾ? ಅದನ್ನೇ ಹಿಡಿದು ಕೂತರೆ ಆಯ್ತು.

ಕಾಯಿದೆಪುಟ:
ಆಗಲ್ಲ. ಆ ನಿಯಮ ಕಾರ್ಖಾನೆ, ಗಣಿ, ಪ್ಲಾಂಟೇಷನ್‌ಗಳಿಗೆ ಮಾತ್ರ. ಹಿಂದೆ ಮಿತಿ 100 ಇತ್ತು, ಈಗ 300. ಐಟಿ ಆಫೀಸಿಗೆ ಸಂಬಂಧ ಇಲ್ಲ. ಮೇಲ್‌ನಲ್ಲಿ ಇದನ್ನು ಬರೆದರೆ ಅವರ ವಕೀಲರು ನಕ್ಕು, ಉಳಿದ ಸರಿಯಾದ ಮಾತನ್ನೂ ಪಕ್ಕಕ್ಕಿಡ್ತಾರೆ.

ದಿಕ್ಕುತಪ್ಪಿದವ:
ಸರಿ ಸ್ವಾಮಿ. ಹೆಸರಿಗೆ ತಕ್ಕ ಹಾಗೆ ಇದ್ದೀನಿ.

ಲೆಕ್ಕದಪುಸ್ತಕ:
ಗ್ರಾಚ್ಯುಟಿ ವಿಷಯ ಯಾರೂ ಬಿಡಿಸಿ ಹೇಳಲಿಲ್ಲ. ಕೊನೆಯ ತಿಂಗಳ ಬೇಸಿಕ್ ಮತ್ತು ತುಟ್ಟಿಭತ್ಯೆ ಕೂಡಿಸಿ 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸಿ. ಏಳು ವರ್ಷಕ್ಕೆ ನಾಲ್ಕು ತಿಂಗಳ ಬೇಸಿಕ್‌ಗಿಂತ ಸ್ವಲ್ಪ ಮೇಲೆ ಬರುತ್ತೆ. ಮೊದಲು 1972ರ ಕಾಯಿದೆಯಲ್ಲಿತ್ತು, ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಐದು ವರ್ಷ ಮುಗಿಸಿದವರಿಗೆ ಇದು ಹಕ್ಕು. ನಿಗದಿತ ಅವಧಿಯ ಒಪ್ಪಂದದವರಿಗೆ ಈಗ ಒಂದೇ ವರ್ಷ ಸಾಕು.

ಹೊಸ ಸಂಹಿತೆಯಲ್ಲಿ ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಜಾಸ್ತಿ ಇದ್ದರೆ, ಜಾಸ್ತಿಯಾದ ಭಾಗವನ್ನೂ "ವೇತನ"ಕ್ಕೆ ಸೇರಿಸಬೇಕು. ಬೇಸಿಕ್ ತೀರಾ ಕಮ್ಮಿ ಇಟ್ಟಿರುವ ಕಂಪನಿಗಳಲ್ಲಿ ಇದರಿಂದ ಗ್ರಾಚ್ಯುಟಿ ಏರುತ್ತೆ. ಅವರ ಹಾಳೆಯಲ್ಲಿ ಯಾವ ಅಂಕಿ ಹಿಡಿದಿದ್ದಾರೆ ಅಂತ ಕೇಳಿ.

ನೇರಮಾತು:
ಸಹಿ ಹಾಕದಿದ್ದರೆ ಗ್ರಾಚ್ಯುಟಿ ತಡೆಹಿಡೀತಾರೆ ಅಂತ ಹೆದರಿಸ್ತಾರೆ. ನಮ್ಮಲ್ಲೂ ಹೆದರಿಸಿದ್ದರು.

ಲೆಕ್ಕದಪುಸ್ತಕ:
ಹಾಗೆ ತಡೆಯೋಕೆ ಬರಲ್ಲ. ಸಂಬಳದ ಬಾಕಿಯೂ ಅಷ್ಟೇ. ವೇತನ ಸಂಹಿತೆಯ ಪ್ರಕಾರ ಕೆಲಸದಿಂದ ತೆಗೆದರೂ, ತಾವೇ ಬಿಟ್ಟರೂ ಎರಡು ಕೆಲಸದ ದಿನಗಳಲ್ಲಿ ಬಾಕಿ ಸಂಬಳ ಕೊಡಬೇಕು. "45 ದಿನ ಆಗುತ್ತೆ, ಪಾಲಿಸಿ" ಅನ್ನೋದು ಹಳೇ ರೂಢಿ.

ಅಟ್ಲಾಂಟಿಕ್‌ಆಚೆ:
ನಾನು ಅಮೆರಿಕದಲ್ಲಿದ್ದೇನೆ, ಹೋದ ವರ್ಷ ಇದೇ ಕಥೆ. ಇಲ್ಲಿ ಸೆವರೆನ್ಸ್ ಕೊಡಲೇಬೇಕು ಅಂತ ಫೆಡರಲ್ ಕಾನೂನೇ ಇಲ್ಲ. ವಾರ್ನ್ ಕಾಯಿದೆ ಅಂತ 1988ರದ್ದು ಒಂದಿದೆ. 100 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಂಪನಿ ಒಟ್ಟಿಗೆ ತುಂಬಾ ಜನರನ್ನು ತೆಗೆಯುವಾಗ 60 ದಿನದ ನೋಟಿಸ್ ಕೇಳುತ್ತೆ, ಅಷ್ಟೇ. ನ್ಯೂಜೆರ್ಸಿ ರಾಜ್ಯ 2023ರ ಏಪ್ರಿಲ್‌ನಿಂದ ದೊಡ್ಡ ಲೇಆಫ್‌ಗಳಲ್ಲಿ ವರ್ಷಕ್ಕೊಂದು ವಾರದ ಸಂಬಳ ಕಡ್ಡಾಯ ಮಾಡಿದೆ.

ತಮಾಷೆ ನೋಡಿ. ನಮ್ಮ ಟೀಮಿನಲ್ಲಿ 40 ದಾಟಿದವರಿಗೆ ಕಾಗದ ಓದಿ ಯೋಚಿಸೋಕೆ 45 ದಿನ ಕೊಟ್ಟರು. ಸಹಿ ಹಾಕಿದ ಮೇಲೂ ಮನಸ್ಸು ಬದಲಾಯಿಸೋಕೆ 7 ದಿನ. ಇದು ಕಂಪನಿಯ ಒಳ್ಳೇತನ ಅಲ್ಲ. ವಯಸ್ಸಿನ ತಾರತಮ್ಯದ ಹಕ್ಕು ಬಿಟ್ಟುಕೊಡಿಸಬೇಕಾದರೆ ಕಾನೂನು ಅಷ್ಟು ದಿನ ಕೊಡಲೇಬೇಕು ಅನ್ನುತ್ತೆ. ಒಬ್ಬರನ್ನೇ ತೆಗೆದರೆ 21 ದಿನ, ಗುಂಪಾದರೆ 45. ಕಾಗದ ಹೆಚ್ಚುಕಮ್ಮಿ ಅದೇ, ಆದರೆ ಮೂವತ್ತರ ಹುಡುಗನಿಗೆ ಒಂದು ವಾರ. "ವ್ಯವಹಾರದ ಅಗತ್ಯ" ಅಂತ ಎಚ್‌ಆರ್ ಹೇಳುವ ಗಡುವು ಎಷ್ಟು ಹಿಗ್ಗುತ್ತೆ ಅಂತ ಇದರಲ್ಲೇ ಗೊತ್ತಾಗುತ್ತೆ. ಅರ್ಧಸಹಿಯವರೂ ಎರಡು ವಾರ ಕೇಳಬಹುದು. ಅವರದೂ ಅಮೆರಿಕದ ಕಂಪನಿಯೇ, ಇಲ್ಲಿ ಇಂಥ ಕಂಪನಿಗಳು ವಾರಗಟ್ಟಲೆ ಕೊಡ್ತಿವೆ.

ರೈನ್‌ದಂಡೆ:
ಜರ್ಮನಿಯಲ್ಲಿ ಇನ್ನೊಂದು ಥರ. ಕೆಲಸದಿಂದ ತೆಗೆದ ಪತ್ರ ಕೈಗೆ ಬಂದ ಮೂರು ವಾರದೊಳಗೆ ಕೋರ್ಟಿಗೆ ಹೋಗಬೇಕು. ತಪ್ಪಿದರೆ ಬಾಗಿಲು ಮುಚ್ಚಿದ ಹಾಗೆ. ಹಾಗಾಗಿ ಎಲ್ಲರೂ ಮೊದಲು ಕೇಸ್ ಹಾಕಿ ಆಮೇಲೆ ಮಾತಿಗೆ ಕೂರ್ತಾರೆ, ಅದನ್ನು ಯಾರೂ ಜಗಳ ಅಂದುಕೊಳ್ಳಲ್ಲ. ವರ್ಷಕ್ಕೆ ಅರ್ಧ ತಿಂಗಳ ಸಂಬಳದಿಂದ ಮಾತು ಶುರುವಾಗುತ್ತೆ.

ರಾಜೀನಾಮೆಯ ಬಲೆ ಇಲ್ಲೂ ಇದೆ. "ಇಬ್ಬರೂ ಒಪ್ಪಿ ಮುಗಿಸಿದ್ದು" ಅಂತ ಸಹಿ ಹಾಕಿದರೆ ನಿರುದ್ಯೋಗ ಭತ್ಯೆ 12 ವಾರದವರೆಗೆ ನಿಲ್ಲಬಹುದು.

ಮರಳುಗಾಡು:
ಯುಎಇಯಲ್ಲಿ ಇಷ್ಟೆಲ್ಲ ಮಾತಿಲ್ಲ. ಒಂದು ವರ್ಷ ಮುಗಿದಿದ್ದರೆ ಮೊದಲ ಐದು ವರ್ಷಕ್ಕೆ ತಲಾ 21 ದಿನದ ಬೇಸಿಕ್, ಆಮೇಲಿನ ವರ್ಷಕ್ಕೆ 30 ದಿನ. 14 ದಿನದಲ್ಲಿ ಕೈಗೆ. ಚೌಕಾಸಿ ಮಾಡಿ ಅಂದರೆ ಇಲ್ಲಿಯವರು ಮುಖ ನೋಡ್ತಾರೆ.

ದಿಕ್ಕುತಪ್ಪಿದವ:
ನನಗೆ ಇದಕ್ಕಿಂತ ತಲೆಕೆಡಿಸೋದು ಆ ಲಿಂಕ್ಡ್‌ಇನ್ ಪೋಸ್ಟ್‌ಗಳು. ಬೆಳಿಗ್ಗೆ ತೆಗೆದಿರ್ತಾರೆ, ಸಾಯಂಕಾಲ "ಈ ಅದ್ಭುತ ಪಯಣಕ್ಕೆ ಕೃತಜ್ಞ" ಅಂತ ಫೋಟೊ. ಲ್ಯಾಪ್‌ಟಾಪ್ ಇನ್ನೂ ಮನೆಯಲ್ಲೇ ಇರುತ್ತೆ.

ಹಳೇಎಚ್‌ಆರ್:
ನಗಬೇಡಿ. ಮಾತುಕತೆ ಮುಗಿಯೋವರೆಗೂ ಕೃತಜ್ಞತೆಯೂ ಬೇಡ, ಬೈಗುಳವೂ ಬೇಡ. "ಸಂತೋಷದಿಂದ ಹೊರಟೆ" ಅಂತ ನೀವೇ ಊರಿಗೆಲ್ಲ ಸಾರಿದ ಮೇಲೆ, ನನ್ನನ್ನು ತೆಗೆದರು ಅಂತ ವಾದ ಮಾಡೋದು ಹೇಗೆ?

ನೇರಮಾತು:
ಎಚ್‌ಆರ್ ಕಾಲ್ ರೆಕಾರ್ಡ್ ಮಾಡಿ ಇಟ್ಕೊಳ್ಳಿ. ನಾಳೆ ಬೇಕಾಗುತ್ತೆ.

ಟೀಮ್‌ಲೀಡಮ್ಮ:
ಅದು ಗೊತ್ತಾದರೆ ಅದನ್ನೇ ಕಾರಣ ಮಾಡ್ತಾರೆ. ಕಂಪನಿ ಪಾಲಿಸಿ ಉಲ್ಲಂಘನೆ ಅಂತ.

ಹಳೇಎಚ್‌ಆರ್:
ರೆಕಾರ್ಡಿಂಗ್‌ಗಿಂತ ಮೇಲ್ ವಾಸಿ. ಕಾಲ್ ಮುಗಿದ ಅರ್ಧ ಗಂಟೆಯಲ್ಲಿ "ಇವತ್ತಿನ ಮಾತಿನಿಂದ ನನಗೆ ಅರ್ಥವಾಗಿದ್ದು ಇದು: ನನ್ನ ಹುದ್ದೆ ತೆಗೆಯಲಾಗಿದೆ, ರಾಜೀನಾಮೆ ಹಾಕಲು ಹೇಳಲಾಯಿತು, ಶುಕ್ರವಾರ ಗಡುವು. ತಪ್ಪಿದ್ದರೆ ತಿಳಿಸಿ" ಅಂತ ಕಳಿಸಿ. ನಿಮ್ಮ ಸ್ವಂತ ಮೇಲ್‌ಗೂ ಒಂದು ಪ್ರತಿ ಹಾಕಿ. ಯಾವ ನಿಮಿಷದಲ್ಲಿ ಆಫೀಸ್ ಲಾಗಿನ್ ಬಂದ್ ಆಗುತ್ತೋ ಗೊತ್ತಿಲ್ಲ. ಸಂಬಳದ ಸ್ಲಿಪ್, ಆಫರ್ ಲೆಟರ್, ಅಪ್ರೈಸಲ್ ಪತ್ರ ಇವತ್ತೇ ಇಳಿಸಿಕೊಳ್ಳಿ. ಕಂಪನಿಯ ಕೋಡ್, ಗ್ರಾಹಕರ ಫೈಲ್ ಮಾತ್ರ ಮುಟ್ಟಬೇಡಿ. ಅದಕ್ಕೇ ಕಾಯ್ತಿರ್ತಾರೆ ಕೆಲವರು.

ಅರ್ಧಸಹಿ:
ಮೇಲ್ ಹಾಕಿದೆ. ಈಗ ಮುಖ್ಯ ಪ್ರಶ್ನೆ: ಎಷ್ಟು ಕೇಳೋದು, ಏನಂತ ಕೇಳೋದು?

ಸುಮ್ನಿರಲಾರೆ:
ಆರು ತಿಂಗಳು ಕೇಳಿ, ನಾಲ್ಕಕ್ಕೆ ಇಳಿಯಿರಿ.

ಹಳೇಎಚ್‌ಆರ್:
ಸುಮ್ನೆ ಬಾಯಿಗೆ ಬಂದ ಅಂಕಿ ಹೇಳಿದರೆ ಅದನ್ನು ಮೇಲಕ್ಕೆ ಒಯ್ಯೋಕೆ ಎಚ್‌ಆರ್‌ಗೆ ಆಗಲ್ಲ. ಅವರ ಮೇಲಿನವರು, ಲೀಗಲ್‌ನವರು ಕಾರಣ ಕೇಳ್ತಾರೆ. ಕಾರಣ ಕೈಗಿಡಿ. ನಾನಾಗಿದ್ದರೆ ಇಷ್ಟು ಬರೀತಿದ್ದೆ:

"ಪ್ರಸ್ತಾವಕ್ಕೆ ಧನ್ಯವಾದ. ಕಾಗದವನ್ನು ವಕೀಲರಿಗೆ ತೋರಿಸಲು ಎರಡು ವಾರ ಬೇಕು. ನನ್ನ ಸೇವಾವಧಿಗೆ ರಿಟ್ರೆಂಚ್‌ಮೆಂಟ್ ಪರಿಹಾರ 105 ದಿನದ ಸಂಬಳ ಆಗುತ್ತದೆ. ಪ್ರಸ್ತಾವ ಅದಕ್ಕಿಂತ ಕಡಿಮೆ ಇದೆ. ಹಕ್ಕು ಬಿಟ್ಟುಕೊಡುವ ಷರತ್ತನ್ನೂ ಕೇಳಿರುವುದರಿಂದ ಮೊತ್ತವನ್ನು ಮರುಪರಿಶೀಲಿಸಿ. ಹುದ್ದೆ ತೆಗೆದಿರುವುದು ಕಂಪನಿಯ ನಿರ್ಧಾರವಾದ್ದರಿಂದ ನಾನು ರಾಜೀನಾಮೆ ಸಲ್ಲಿಸುವುದಿಲ್ಲ."

ಅಷ್ಟೇ. ಏಳು ವರ್ಷ ಹೇಗೆ ದುಡಿದೆ, ಮನೆ ಸಾಲ ಎಷ್ಟಿದೆ, ಇದೆಲ್ಲ ಬೇಡ. ಓದುವ ಎಚ್‌ಆರ್‌ಗೆ ಅಯ್ಯೋ ಅನ್ನಿಸುತ್ತೆ, ಆದರೆ ಅದನ್ನು ಹಾಕೋಕೆ ಫಾರ್ಮ್‌ನಲ್ಲಿ ಕಾಲಂ ಇರಲ್ಲ.

ಇನ್ನೊಂದು ಒಳಮಾತು. ಗುಂಪಿನಲ್ಲಿ ತೆಗೆದಾಗ "ವರ್ಷಕ್ಕೆ ಇಷ್ಟು" ಅನ್ನುವ ಸೂತ್ರ ಮೇಲಿನಿಂದ ಬಂದಿರುತ್ತೆ. ಒಬ್ಬರಿಗೆ ಬದಲಿಸಿದರೆ ಎಲ್ಲರಿಗೂ ಬದಲಿಸಬೇಕಾಗುತ್ತೆ ಅಂತ ಅದನ್ನು ಮುಟ್ಟಲು ಹೆದರ್ತಾರೆ. ಆದರೆ ಸೂತ್ರದ ಹೊರಗಿನದ್ದು ಸುಲಭವಾಗಿ ಅಲುಗಾಡುತ್ತೆ: ಕೊನೆಯ ದಿನಾಂಕ, ವಿಮೆ, ಜಾಯಿನಿಂಗ್ ಬೋನಸ್ ವಸೂಲಿ ಮನ್ನಾ, ಕಂಪನಿ ಕಂತಿನಲ್ಲಿ ಕೊಡುವ ಷೇರು. ಮುಂದಿನ ಷೇರು ಕಂತು ಕೈಗೆ ಬರೋಕೆ ಸ್ವಲ್ಪ ದಿನ ಬಾಕಿ ಇದ್ದರೆ ಕೊನೆಯ ದಿನಾಂಕವನ್ನು ಅದರ ಆಚೆಗೆ ತಳ್ಳಿಸಿಕೊಳ್ಳಿ. ಕೆಲವರಿಗೆ ಅದೊಂದೇ ಎರಡು ತಿಂಗಳ ಸಂಬಳಕ್ಕಿಂತ ಜಾಸ್ತಿ.

ಅರ್ಧಸಹಿ:
ಷೇರು ಕಂತು ಮುಂದಿನ ತಿಂಗಳೇ ಇದೆ! ಅದನ್ನು ಯೋಚಿಸಿಯೇ ಇರಲಿಲ್ಲ.

ಅಟ್ಲಾಂಟಿಕ್‌ಆಚೆ:
ದಿನಾಂಕದ ಮಾತು ಬಂತಲ್ಲ, ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಇಲ್ಲಿರುವವರು ಗಮನಿಸಿ. ಕೆಲಸ ಹೋದ ಮೇಲೆ ಇಲ್ಲಿ ಉಳಿಯೋಕೆ ಸಿಗುವ ಗ್ರೇಸ್ ಅವಧಿ ಹೆಚ್ಚೆಂದರೆ 60 ದಿನ. ಸೆವರೆನ್ಸ್ ಹಣ ಇನ್ನೂ ಬರ್ತಿದೆ ಅಂತ ಅದು ಮುಂದಕ್ಕೆ ಹೋಗಲ್ಲ. ಅಂಥವರು ದುಡ್ಡು ಸ್ವಲ್ಪ ಕಮ್ಮಿಯಾದರೂ ಪೇರೋಲ್‌ನಲ್ಲಿ (ಸಂಬಳದ ಪಟ್ಟಿಯಲ್ಲಿ) ಇನ್ನಷ್ಟು ವಾರ ಇಟ್ಟುಕೊಳ್ಳಿ ಅಂತ ಕೇಳೋದು ಮೇಲು. ಮೊದಲು ವಲಸೆ ವಕೀಲರನ್ನು ಕೇಳಿ.

ಟೀಮ್‌ಲೀಡಮ್ಮ:
ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ರಾಜೀನಾಮೆ ಹಾಕದಿದ್ದರೆ ದಾಖಲೆಯಲ್ಲಿ "ಟರ್ಮಿನೇಟೆಡ್" ಅಂತ ಬರುತ್ತೆ. ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಹೊಸ ಕಂಪನಿ ನೋಡಿದರೆ?

ನೇರಮಾತು:
ಈಗ ಲೇಆಫ್ ಆಗದವರು ಯಾರಿದ್ದಾರೆ? ಸಂದರ್ಶನ ಮಾಡುವವನೇ ಒಂದು ಸಲ ಆಗಿರ್ತಾನೆ.

ಹಳೇಎಚ್‌ಆರ್:
ಟೀಮ್‌ಲೀಡಮ್ಮ ಕೇಳಿದ್ದು ಸರಿಯಾದ ಪ್ರಶ್ನೆ, ನಗುವಂಥದ್ದಲ್ಲ. ಶಿಸ್ತುಕ್ರಮದಲ್ಲಿ ತೆಗೆದಿದ್ದಕ್ಕೂ ಹುದ್ದೆ ರದ್ದಾಗಿದ್ದಕ್ಕೂ ವ್ಯತ್ಯಾಸ ಇದೆ. ಆ ವ್ಯತ್ಯಾಸ ಕಾಗದದಲ್ಲಿ ಕಾಣಬೇಕು. ರಿಲೀವಿಂಗ್ ಲೆಟರ್‌ನಲ್ಲಿ "ಹುದ್ದೆ ರದ್ದಾದ ಕಾರಣ" ಅಂತ ಬರೆಸಿ. ಆ ಪತ್ರದ ಕರಡನ್ನು ಒಪ್ಪಂದಕ್ಕೇ ಲಗತ್ತಿಸಲು ಹೇಳಿ. ಸಹಿ ಆದ ಮೇಲೆ ಕೇಳಿದರೆ ಯಾರೂ ಫೋನ್ ಎತ್ತಲ್ಲ. ಅನುಭವ ಪತ್ರ ಯಾವ ದಿನ ಕೈಗೆ ಬರುತ್ತೆ ಅನ್ನೋದನ್ನೂ ಅದರಲ್ಲೇ ಹಾಕಿಸಿ.

ಟೀಮ್‌ಲೀಡಮ್ಮ:
ಸರಿ, ಇದು ಒಪ್ಪುವ ಮಾತು. ಆದರೂ ಕೈಯಲ್ಲಿ ಬೇರೆ ಆಫರ್ ಇದ್ದವರು, ಸರ್ವಿಸ್ ಎರಡೇ ವರ್ಷ ಇದ್ದವರು ಇಷ್ಟು ಗುದ್ದಾಡೋದು ದಂಡ ಅಂತಲೇ ನನ್ನ ಅಭಿಪ್ರಾಯ. ಎರಡು ವರ್ಷಕ್ಕೆ ಬರೋದು 30 ದಿನ. ಕಂಪನಿ ಎರಡು ತಿಂಗಳು ಕೊಟ್ಟರೆ ಅದೇ ಜಾಸ್ತಿ.

ಸುಮ್ನಿರಲಾರೆ:
ಅಬ್ಬಾ, ಇವತ್ತು ನಿಮ್ಮ ಮಾತಿಗೆ ನಾನು ಹೂಂ ಅಂದೆ.

ಮರಳುಗಾಡು:
ಒಂದು ವರ್ಷ ಪ್ರತಿಸ್ಪರ್ಧಿ ಕಂಪನಿ ಸೇರಬಾರದು ಅನ್ನುವ ಸಾಲು ಇದ್ದರೆ? ನನ್ನ ತಮ್ಮನ ಕಾಗದದಲ್ಲಿ ಇತ್ತು, ಇಂಡಿಯಾದಲ್ಲೇ.

ಕಾಯಿದೆಪುಟ:
1872ರ ಕರಾರು ಕಾಯಿದೆಯ 27ನೇ ಸೆಕ್ಷನ್ ಪ್ರಕಾರ ಕೆಲಸ ಬಿಟ್ಟ ಮೇಲಿನ ಅಂಥ ನಿರ್ಬಂಧ ಭಾರತದಲ್ಲಿ ನಿಲ್ಲಲ್ಲ. ಕಂಪನಿಯ ಗುಟ್ಟು ಹೊರಗೆ ಹೇಳಬಾರದು ಅನ್ನೋದು ಮಾತ್ರ ನಿಲ್ಲುತ್ತೆ. ಆದರೂ ಆ ಸಾಲು ತೆಗೆಸಿ. ನಿಲ್ಲದ ಷರತ್ತನ್ನೇ ತೋರಿಸಿ ಹೊಸ ಕಂಪನಿಗೆ ನೋಟಿಸ್ ಕಳಿಸಿದರೆ, ಅವರು ಯಾಕೆ ತಲೆನೋವು ಅಂತ ಆಫರ್ ನಿಲ್ಲಿಸಬಹುದು.

ರೈನ್‌ದಂಡೆ:
ವಕೀಲರ ಖರ್ಚು ಕಂಪನಿಯೇ ಕೊಡುತ್ತಾ ಅಂತಲೂ ಕೇಳಿ. ಬ್ರಿಟನ್ನಿನಲ್ಲಿ ಸ್ವತಂತ್ರ ಸಲಹೆಗಾರರು ನೋಡಿ ವಿವರಿಸದೆ ಇಂಥ ಒಪ್ಪಂದ ಊರ್ಜಿತವೇ ಆಗಲ್ಲ, ಅಲ್ಲಿ ಸಾಮಾನ್ಯವಾಗಿ ಕಂಪನಿಯೇ ಅದಕ್ಕೆ ದುಡ್ಡು ಕೊಡುತ್ತೆ. ನಿಮ್ಮಲ್ಲಿ ಕೊಡಲೇಬೇಕು ಅಂತಿಲ್ಲ, ಕೇಳೋಕೆ ಏನು?

ಅರ್ಧಸಹಿ:
ಮೇಲ್ ಕಳಿಸಿ ಆಯ್ತು. ಉತ್ತರ: ಗಡುವು ಹತ್ತು ದಿನ ಮುಂದೆ ಹೋಗಿದೆ. ರಾಜೀನಾಮೆ ಮಾತು ಎತ್ತಲೇ ಇಲ್ಲ. ಮೊತ್ತ "ಒಳಗೆ ಚರ್ಚಿಸ್ತೇವೆ". ಕೊನೆಯ ದಿನಾಂಕ ಷೇರು ಕಂತಿನ ಆಚೆಗೆ ತಳ್ಳೋಕೆ ಮಾತ್ರ ಖಡಾಖಂಡಿತ ಇಲ್ಲ ಅಂದರು.

ಹಳೇಎಚ್‌ಆರ್:
ಹಾಗಾದರೆ ಆ ಕಂತಿನ ಬೆಲೆಯಷ್ಟು ನಗದು ಕೇಳಿ. ಷೇರು ಕೊಡೋಕೆ ಅಮೆರಿಕದ ಬೋರ್ಡ್‌ವರೆಗೂ ಹೋಗಬೇಕಾಗಬಹುದು, ನಗದಿಗೆ ಇಲ್ಲಿಯ ಹೆಡ್ ಸಹಿಯೇ ಸಾಕಾಗುತ್ತೆ ಎಷ್ಟೋ ಸಲ. ವಿಮೆ ಯಾವತ್ತಿನವರೆಗೆ ಅಂತಲೂ ಬರೆಸಿ. ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಗಲು ಅವಕಾಶ ಇದೆ, ಆದರೆ ಕವರ್ ಮುಗಿಯುವ ಮೊದಲೇ ಅರ್ಜಿ ಹಾಕಬೇಕು.

ದಿಕ್ಕುತಪ್ಪಿದವ:
ಈ ಸೆವರೆನ್ಸ್‌ಗೂ ತೆರಿಗೆ ಕತ್ತರಿಸ್ತಾರಾ? ಕೆಲಸ ಹೋದವನ ಹತ್ತಿರವೂ?

ಲೆಕ್ಕದಪುಸ್ತಕ:
ಕತ್ತರಿಸ್ತಾರೆ. ಗ್ರಾಚ್ಯುಟಿಗೆ 20 ಲಕ್ಷದವರೆಗೆ ವಿನಾಯಿತಿ ಇದೆ. ಕಾಯಿದೆ ಪ್ರಕಾರ ಕೆಲಸಗಾರರಿಗೆ ಕೊಡುವ ರಿಟ್ರೆಂಚ್‌ಮೆಂಟ್ ಪರಿಹಾರಕ್ಕೆ 5 ಲಕ್ಷದ ಮಿತಿಯೊಳಗೆ ವಿನಾಯಿತಿ ಇದೆ. ಆದರೆ "ಸೆವರೆನ್ಸ್" ಅಂತ ಸುಮ್ನೆ ಕೊಟ್ಟ ಹಣ ಸಂಬಳದ ಲೆಕ್ಕಕ್ಕೇ ಸೇರುತ್ತೆ. ಅಂದರೆ ಕಾಗದದಲ್ಲಿ ಯಾವ ಹೆಸರಿನಲ್ಲಿ ಕೊಡ್ತಾರೆ ಅನ್ನೋದರ ಮೇಲೂ ಕೈಗೆ ಬರುವ ಹಣ ನಿಂತಿದೆ.

ದಿಕ್ಕುತಪ್ಪಿದವ:
ಮಾರ್ಚ್ ಬದಲು ಏಪ್ರಿಲ್‌ನಲ್ಲಿ ಕೊಡಿ ಅಂದರೆ ಉಳಿಯುತ್ತಾ? ಮುಂದಿನ ವರ್ಷ ಆದಾಯ ಕಮ್ಮಿ ಇರುತ್ತಲ್ಲ.

ಲೆಕ್ಕದಪುಸ್ತಕ:
ಈ ಸಲ ದಿಕ್ಕು ತಪ್ಪಿಲ್ಲ ನೀವು. ಆದರೆ ಬಾಯಿಮಾತಿನಲ್ಲಿ ತಡವಾಗಿ ಕೊಡಿ ಅಂದರೆ ಆಗಲ್ಲ. ಸಂಬಳಕ್ಕೆ ತೆರಿಗೆ ಬೀಳೋದು ಹಣ ಕೊಡಬೇಕಾದ ದಿನ ಅಥವಾ ಕೈಗೆ ಬಂದ ದಿನ, ಯಾವುದು ಮೊದಲೋ ಅವತ್ತು. ಕೊಡಬೇಕಾದ ದಿನವೇ ಏಪ್ರಿಲ್ ಅಂತ ಒಪ್ಪಂದದಲ್ಲಿ ಇರಬೇಕು.

ಹಾಗೇ ಹೊಸ ಕೆಲಸ ಸಿಕ್ಕಾಗ ಹಳೇ ಕಂಪನಿಯಿಂದ ಆ ವರ್ಷ ಬಂದಿದ್ದನ್ನೆಲ್ಲ ಹೊಸ ಕಂಪನಿಗೆ ತಿಳಿಸಿ. ಇಲ್ಲದಿದ್ದರೆ ಇಬ್ಬರೂ ಕಮ್ಮಿ ಸ್ಲ್ಯಾಬ್ ಲಾಭ ಕೊಟ್ಟು, ಕಮ್ಮಿ ಕತ್ತರಿಸಿ, ರಿಟರ್ನ್ ಹಾಕುವಾಗ ಬಾಕಿ ಒಟ್ಟಿಗೆ ಬಡ್ಡಿ ಸಮೇತ ಬರುತ್ತೆ.